ಟಿಸಿ ತಗೊಂಡು ಹೋಗಿ ಅಂದಾಗ

"ನೋಡೀಮ್ಮಾ, ಹುಡುಗನ ಭವಿಷ್ಯ ಹಾಳು ಮಾಡೋದು ನಮಗೂ ಇಷ್ಟ ಇಲ್ಲ. ಸುಮ್ನೆ ಟಿಸಿ ತಗೊಂಡು ಹೋಗ್ಬಿಡಿ. ನಡತೆ ಉತ್ತಮ ಅಂತಲೇ ಬರ್ಕೊಡ್ತೀವಿ."

ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕುಳಿತ ತಾಯಿಗೆ ಈ ಮಾತು ಉಪಕಾರದ ಹಾಗೆ ಕೇಳಿಸುತ್ತದೆ. ಸ್ಟೇಷನ್ನು, ಕೋರ್ಟು, ಲಾಯರು ಎಂದು ರಾತ್ರಿಯಿಡೀ ನಿದ್ದೆಗೆಟ್ಟವಳಿಗೆ ಒಂದು ಸಹಿ ಹಾಕಿದರೆ ಅರ್ಧ ತಲೆನೋವು ಕಳೆಯಿತಲ್ಲ ಎನ್ನಿಸುತ್ತದೆ. ಬಹಳ ಮಂದಿ ಹಾಕಿಯೇಬಿಡುತ್ತಾರೆ. ಹಾಕಿ, ಕೈಮುಗಿದು, ಮಗನ ಬೆನ್ನಿಗೊಂದು ಗುದ್ದಿ ಮನೆಗೆ ಕರೆತರುತ್ತಾರೆ.

ನನ್ನನ್ನು ಕೇಳಿದರೆ, ಇಂಥ ಪ್ರಕರಣಗಳಲ್ಲಿ ಮಗು ಕಳೆದುಕೊಳ್ಳುವುದರ ಬಹುಪಾಲು ಆ ಸಹಿಯಲ್ಲೇ ಹೋಗುತ್ತದೆ. ನಾವು ನಡುಗುವುದು ಠಾಣೆಯ ಮೆಟ್ಟಿಲಿಗೆ. ಅಲ್ಲಿ ಹದಿನೆಂಟು ತುಂಬದವರನ್ನು ಕಾಯಲು ಕಾಯ್ದೆ ಬೇಕಾದಷ್ಟು ಏರ್ಪಾಟು ಮಾಡಿಟ್ಟಿದೆ. ಶಾಲೆಯ ಬಾಗಿಲಲ್ಲಿ, ಅದರಲ್ಲೂ ಎಂಟನೇ ತರಗತಿ ದಾಟಿದ ಮೇಲೆ, ಅಂಥದ್ದು ಹೆಚ್ಚೇನೂ ಇಲ್ಲ. ಆದರೆ ಅಪ್ಪ ಅಮ್ಮ ತಮ್ಮ ಹಣ, ಪರಿಚಯ, ಓಡಾಟ ಎಲ್ಲವನ್ನೂ ಠಾಣೆಯ ಕಡೆ ಸುರಿದು, ಶಾಲೆಯ ಮುಂದೆ ಬರಿಗೈಯಲ್ಲಿ ನಿಲ್ಲುತ್ತಾರೆ.

ಒಂದು ಪ್ರಸಂಗ ಇಟ್ಟುಕೊಳ್ಳೋಣ. ಯಾವ ತಾಲ್ಲೂಕು ಕೇಂದ್ರದಲ್ಲಾದರೂ ನಡೆಯುವಂಥದ್ದು. ಹತ್ತನೇ ತರಗತಿಯ ಹುಡುಗ, ಹದಿನೈದು ವರ್ಷ. ಇನ್‌ಸ್ಟಾಗ್ರಾಂನಲ್ಲಿ ಶುರುವಾದ ಜಗಳ ಸಂಜೆ ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನ ಹಿಂದೆ ಕೈಕೈ ಮಿಲಾಯಿಸುವವರೆಗೆ ಹೋಯಿತು. ಇವನು ಬಿಟ್ಟ ಒಂದು ಗುದ್ದಿಗೆ ಎದುರಿನವನ ಮುಂದಿನ ಹಲ್ಲು ಮುರಿಯಿತು. ಯಾರೋ ವಿಡಿಯೊ ಮಾಡಿದರು. ಹಲ್ಲು ಮುರಿದ ಹುಡುಗನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು, ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಾಯಿತು, ಆಸ್ಪತ್ರೆಯಿಂದ ಠಾಣೆಗೆ ಸುದ್ದಿ ಹೋಯಿತು. ಇತ್ತ ವಿಡಿಯೊ ಬೆಳಗಾಗುವಷ್ಟರಲ್ಲಿ ಶಾಲೆಯ ಎಲ್ಲ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತಿತ್ತು.

"ಹುಡುಗರ ಜಗಳ ಸಾರ್, ಅದಕ್ಯಾಕೆ ಕೇಸು" ಎಂದು ಅಪ್ಪ ಹೇಳುತ್ತಾನೆ. ಅವನು ಹೇಳುವುದರಲ್ಲಿ ತಪ್ಪಿಲ್ಲ, ಆದರೆ ಕಾನೂನಿಗೆ ಹಲ್ಲು ಸಣ್ಣ ವಸ್ತುವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅದಕ್ಕೂ ಮೊದಲಿನ ಐಪಿಸಿಯಲ್ಲಿ ಇದ್ದ ಹಾಗೆಯೇ, ಮೂಳೆಯೋ ಹಲ್ಲೋ ಮುರಿದರೆ ಅದು ತೀವ್ರ ಗಾಯ. ಏಳು ವರ್ಷದವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧ. ಅದೇ ಗುದ್ದು ಎರಡು ಅಂಗುಲ ಪಕ್ಕಕ್ಕೆ ಬಿದ್ದು ಕೆನ್ನೆ ಊದಿದ್ದರೆ ಸಾಧಾರಣ ಗಾಯ, ಒಂದು ವರ್ಷದವರೆಗಿನ ಶಿಕ್ಷೆಯ ಲೆಕ್ಕ. ಹುಡುಗನ ಮನಸ್ಸಿನಲ್ಲಿದ್ದ ಸಿಟ್ಟು ಎರಡು ಕಡೆಯೂ ಅಷ್ಟೇ.

ಏಳು ವರ್ಷ ಎಂದ ಕೂಡಲೇ ತಾಯಿಯ ಎದೆ ಒಡೆಯುತ್ತದೆ. ಅಲ್ಲಿಯೇ ಯಾರಾದರೂ ಆಕೆಗೆ ಹೇಳಬೇಕಾದದ್ದು, ಆ ಏಳು ವರ್ಷ ದೊಡ್ಡವರದು ಎಂದು. 2015ರ ಬಾಲ ನ್ಯಾಯ ಕಾಯ್ದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಘಟನೆ ನಡೆದ ದಿನ ಹದಿನೆಂಟು ತುಂಬಿರದಿದ್ದರೆ ವಿಷಯ ಹೋಗುವುದು ಬಾಲ ನ್ಯಾಯ ಮಂಡಳಿಗೆ. ಮಂಡಳಿ ಕೊಡಬಹುದಾದ ಅತಿ ಕಠಿಣ ಆದೇಶವೆಂದರೆ ವಿಶೇಷ ಗೃಹದಲ್ಲಿ ಮೂರು ವರ್ಷ ಮೀರದ ವಾಸ. ಅದಕ್ಕಿಂತ ಕೆಳಗೆ ಬುದ್ಧಿ ಹೇಳಿ ಮನೆಗೆ ಕಳಿಸುವುದು, ಆಪ್ತ ಸಮಾಲೋಚನೆ, ಸಮುದಾಯ ಸೇವೆ, ತಂದೆ ತಾಯಿಗೆ ದಂಡ, ಪರಿವೀಕ್ಷಣೆಯ ಮೇಲೆ ಬಿಡುವುದು ಎಂದು ಮೆಟ್ಟಿಲು ಮೆಟ್ಟಿಲಾಗಿ ಆಯ್ಕೆಗಳಿವೆ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚಿರುವ ಘೋರ ಅಪರಾಧಗಳಲ್ಲಿ, ಅದೂ ಹದಿನಾರು ತುಂಬಿದವರ ವಿಷಯದಲ್ಲಿ ಮಾತ್ರ, ವಯಸ್ಕರಂತೆ ವಿಚಾರಿಸಬೇಕೇ ಎಂಬ ಪ್ರಾಥಮಿಕ ಮೌಲ್ಯಮಾಪನ ನಡೆಯುತ್ತದೆ. ನಮ್ಮ ಹದಿನೈದರ ಹುಡುಗನಿಗೆ ಆ ಪ್ರಶ್ನೆಯೇ ಏಳುವುದಿಲ್ಲ.

ಠಾಣೆಯ ಮಟ್ಟದಲ್ಲೇ ಎಷ್ಟೋ ಬಾಗಿಲುಗಳಿವೆ. ಕೇಂದ್ರದ 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧವೂ ಆಗಿರದೆ, ವಯಸ್ಕರ ಜೊತೆ ಸೇರಿ ಮಾಡಿದ್ದೂ ಆಗಿರದಿದ್ದರೆ ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಠಾಣಾ ದಿನಚರಿಯಲ್ಲಿ ಮಾಹಿತಿ ಬರೆದುಕೊಂಡು, ಹುಡುಗನ ಮನೆ, ಓದು, ಒಡನಾಟದ ಬಗ್ಗೆ ಸಾಮಾಜಿಕ ಹಿನ್ನೆಲೆ ವರದಿ ಸೇರಿಸಿ ಮಂಡಳಿಗೆ ಕಳಿಸಬೇಕು. ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ, ತಪ್ಪೊಪ್ಪಿಕೋ ಎನ್ನುವಂತಿಲ್ಲ, ಹೇಳಿಕೆಗೆ ಬಲವಂತವಾಗಿ ಸಹಿ ಹಾಕಿಸಿಕೊಳ್ಳುವಂತಿಲ್ಲ. ಮಾತಾಡಿಸಬೇಕಾದವರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ಅದೂ ಸಮವಸ್ತ್ರವಿಲ್ಲದೆ. ವಶಕ್ಕೆ ತೆಗೆದುಕೊಂಡಿದ್ದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಇಷ್ಟೂ ಪ್ರತಿ ಠಾಣೆಯಲ್ಲಿ ಹೀಗೆಯೇ ನಡೆಯುತ್ತದೆ ಎಂದು ನಂಬುವಷ್ಟು ಮುಗ್ಧ ಯಾರೂ ಇಲ್ಲ. ಆದರೆ "ಕಲ್ಯಾಣ ಅಧಿಕಾರಿ ಯಾರು ಸಾರ್?" ಎಂದು ಗೌರವದಿಂದ ಕೇಳುವ ತಂದೆಯ ಎದುರು ಠಾಣೆ ನಡೆದುಕೊಳ್ಳುವ ರೀತಿ ಬೇರೆ. ಪುಢಾರಿಗೆ ಫೋನ್ ಹಚ್ಚಿ ಕಿವಿಗೆ ಕೊಡುವ ತಂದೆಯ ಎದುರು ನಡೆದುಕೊಳ್ಳುವ ರೀತಿ ಬೇರೆ. ಎರಡನೆಯದಕ್ಕೆ ಆಮೇಲೆ ಬಿಲ್ಲು ಬರುತ್ತದೆ.

ಇಲ್ಲಿ ಒಂದು ವಿಷಯ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡಬಲ್ಲದು. ಜಗಳಕ್ಕೆ ಹೋದ ಗುಂಪಿನಲ್ಲಿ ಹತ್ತೊಂಬತ್ತು ವರ್ಷದ ಒಬ್ಬ 'ಅಣ್ಣ' ಇದ್ದರೆ, ಎಫ್‌ಐಆರ್ ಬೇಡವೆಂಬ ರಕ್ಷಣೆ ಅಲ್ಲಿಗೆ ಮುಗಿಯಿತು. ಮಗ ಯಾರ ಬೈಕಿನ ಹಿಂದೆ ಕೂರುತ್ತಾನೆ ಎಂದು ಕೇಳುವ ಅಮ್ಮನನ್ನು ಮಕ್ಕಳು ಹಳೇ ಕಾಲದವಳು ಎಂದು ನಗುತ್ತಾರೆ. ಕಾನೂನು ಆ ಅಮ್ಮನ ಕಡೆಗಿದೆ.

ಜಾಮೀನಿನ ವಿಷಯವೂ ದೊಡ್ಡವರ ಹಾಗಲ್ಲ. ಅಪರಾಧ ಜಾಮೀನು ಕೊಡಬಹುದಾದದ್ದೋ ಅಲ್ಲವೋ ಎಂಬ ವಿಂಗಡಣೆಯೇ ಇಲ್ಲಿ ಅನ್ವಯಿಸದು. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದು ಕಂಡಾಗ ಮಾತ್ರ ನಿರಾಕರಿಸಬಹುದು, ಕಾರಣ ಬರೆದಿಡಬೇಕು. ವಕೀಲರ ಫೀಸಿಗೆ ಒಡವೆ ಅಡ ಇಡಬೇಕಾಗಿಯೂ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಆದಾಯ ಮಿತಿ ಕೇಳುವುದಿಲ್ಲ, ಏಕೆಂದರೆ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಮಗು ಎಂಬುದೇ ಅರ್ಹತೆ. ಸಹಾಯವಾಣಿ 15100.

ಮಂಡಳಿಗೆ ಮೊದಲ ಸಲ ಹೋಗುವವರು ಸಿನಿಮಾದ ಕೋರ್ಟನ್ನು ನೆನೆದು ಹೋಗುತ್ತಾರೆ. ನಿಯಮದ ಪ್ರಕಾರ ಅಲ್ಲಿ ಎತ್ತರದ ಪೀಠ ಇರಕೂಡದು, ಕಟಕಟೆ ಇರಕೂಡದು. ಮೇಜಿನ ಆಚೆ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ಗರಿಷ್ಠ ಮೂರು ವರ್ಷದವರೆಗಿನ ಶಿಕ್ಷೆಯ ಸಣ್ಣ ಅಪರಾಧವಾಗಿದ್ದರೆ, ಅಷ್ಟರಲ್ಲೂ ಮುಗಿಯದಿದ್ದಾಗ ಪ್ರಕರಣವೇ ಕೊನೆಗೊಳ್ಳುತ್ತದೆ. ನಮ್ಮ ಹುಡುಗನಿಗೆ ಆ ಅನುಕೂಲವಿಲ್ಲ. ಹಲ್ಲಿನ ದೆಸೆಯಿಂದ.

ಆದರೆ ಮಂಡಳಿಯ ಕೆಲಸದ ತಿರುಳಿರುವುದು ಆ ಕೊಠಡಿಯಲ್ಲೂ ಅಲ್ಲ, ನಿಮ್ಮ ಮನೆಯ ನಡುಮನೆಯಲ್ಲಿ. ಮೊದಲ ಹಾಜರಿಯಿಂದ 15 ದಿನಗಳೊಳಗೆ ಪರಿವೀಕ್ಷಣಾಧಿಕಾರಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅದಕ್ಕಾಗಿ ಅವರು ಮನೆಗೆ ಬರುತ್ತಾರೆ, ಅಕ್ಕಪಕ್ಕ ಕೇಳುತ್ತಾರೆ, ಶಾಲೆಯಲ್ಲಿ ವಿಚಾರಿಸುತ್ತಾರೆ. ಬರುವ ದಿನ ಮನೆ ಸಾರಿಸಿ, ದೇವರ ದೀಪ ಹಚ್ಚಿ, ಮಗನಿಗೆ ಇಸ್ತ್ರಿ ಮಾಡಿದ ಶರ್ಟು ತೊಡಿಸಿ ಕೂರಿಸಿರುತ್ತಾರೆ.

"ಮನೆಯಲ್ಲಿ ಯಾರ್ಯಾರಿದ್ದೀರಿ?"

"ನಾವು ನಾಲ್ಕೇ ಜನ ಮೇಡಂ."

"ಯಜಮಾನರು ಕುಡೀತಾರಾ?"

"ಅಯ್ಯೋ ಇಲ್ಲ, ಆ ಥರ ಏನಿಲ್ಲ."

"ಹುಡುಗ ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾನೆ?"

"ಒಂಬತ್ತೂವರೆಗೆಲ್ಲ ಮಲಗಿಬಿಡ್ತಾನೆ."

ಹುಡುಗ ನೆಲ ನೋಡುತ್ತಾನೆ. ಅಪ್ಪ ವಾರಕ್ಕೆರಡು ಸಲ ತೂರಾಡುತ್ತ ಬಂದು ಪಾತ್ರೆ ಎಸೆಯುವುದು ಅವನಿಗೆ ಗೊತ್ತು, ಎದುರುಮನೆಯವರಿಗೂ ಗೊತ್ತು. ಇನ್ನರ್ಧ ಗಂಟೆಯಲ್ಲಿ ಅಧಿಕಾರಿಗೂ ಗೊತ್ತಾಗುತ್ತದೆ. ಮನೆಯ ಮಾನ ಕಾಪಾಡಲು ಹೇಳಿದ ಈ ಎರಡು ಸುಳ್ಳುಗಳಿಂದ ಆಗುವುದು ಇಷ್ಟೇ: ಹುಡುಗನ ಸಿಟ್ಟಿಗೆ ಮನೆಯಲ್ಲಿ ಒಂದು ಕಾರಣವಿತ್ತು ಎಂಬುದು ಮಂಡಳಿಗೆ ತಿಳಿಯದೆ, 'ಎಲ್ಲ ಚೆನ್ನಾಗಿರುವ ಮನೆಯಿಂದ ಬಂದ ಪುಂಡ' ಎಂಬ ಚಿತ್ರ ಉಳಿಯುತ್ತದೆ. ಅಥವಾ ಸುಳ್ಳು ಬಯಲಾಗಿ 'ಪೋಷಕರು ಸಹಕರಿಸುತ್ತಿಲ್ಲ' ಎಂದು ವರದಿಗೆ ಬೀಳುತ್ತದೆ. ಎರಡರಲ್ಲೂ ನಷ್ಟ ಮಗುವಿಗೆ. ಈ ವರದಿ ನಿಮ್ಮ ಸಂಸಾರದ ಮೇಲಿನ ತೀರ್ಪಲ್ಲ. ಯಾವ ಆದೇಶ ಇವನಿಗೆ ಹೊಂದುತ್ತದೆ ಎಂದು ಮಂಡಳಿ ನಿರ್ಧರಿಸುವುದಕ್ಕೆ ಇರುವ ಮುಖ್ಯ ಆಧಾರ. ಕುಡಿತ ಇದ್ದರೆ ಇದೆ ಎನ್ನಿ. ಹುಡುಗ ರಾತ್ರಿ ಒಂದರವರೆಗೆ ಫೋನ್ ಹಿಡಿದಿರುತ್ತಾನೆ ಎನ್ನಿ. ನಾಳೆಯಿಂದ ಏನು ಮಾಡುತ್ತೀರಿ ಎಂದೂ ಹೇಳಿ. ಅಧಿಕಾರಿಗೆ ಬರೆಯಲು ಬೇಕಿರುವುದು ಆ ಕೊನೆಯ ಮಾತು.

ಹೊಡೆತದ ಬಗ್ಗೆ ಒಂದು ಮಾತು. ಮುಖ್ಯೋಪಾಧ್ಯಾಯರ ಎದುರು, ಇಲ್ಲವೇ ಎಸ್‌ಐ ಎದುರು, ಅಪ್ಪ ಎದ್ದು ಮಗನ ಕೆನ್ನೆಗೆ ಬಾರಿಸುವುದು ನಮ್ಮಲ್ಲಿ ಒಂದು ಪದ್ಧತಿಯೇ ಆಗಿದೆ. ಆ ಏಟು ಮಗನಿಗೆಂದು ಹೊಡೆದದ್ದಲ್ಲ. "ನೋಡಿ, ನಾನು ಸರಿಯಾಗಿಯೇ ಬೆಳೆಸಿದ್ದೇನೆ" ಎಂದು ಎದುರಿಗಿರುವ ಹಿರಿಯರಿಗೆ ತೋರಿಸಲು ಹೊಡೆದದ್ದು. ಹದಿನೈದರ ಹುಡುಗನಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕಷ್ಟ ಬಂದಾಗ ಅಪ್ಪ ಯಾರ ಕಡೆ ನಿಲ್ಲುತ್ತಾನೆ ಎಂಬ ಪ್ರಶ್ನೆಗೆ ಅವನಿಗೆ ಅಲ್ಲಿ ಉತ್ತರ ಸಿಕ್ಕಿರುತ್ತದೆ. ಮನೆಗೆ ಬಂದ ಮೇಲೆ "ನಿನ್ನ ಮುದ್ದಿನಿಂದಲೇ ಹಾಳಾದ" ಎಂದು ಹೆಂಡತಿಯ ಮೇಲೆ ತಿರುಗುವುದು ಇದರ ಎರಡನೇ ಕಂತು. ನಿಜವಾಗಿ ನಡೆದದ್ದೇನು, ಮೊದಲು ಕೈಯೆತ್ತಿದವರು ಯಾರು, ಇನ್‌ಸ್ಟಾಗ್ರಾಂನಲ್ಲಿ ಯಾರು ಏನು ಬರೆದಿದ್ದರು ಎಂಬುದನ್ನು ಹುಡುಗ ಇಂಥ ಅಪ್ಪನಿಗೆ ಹೇಳುವುದಿಲ್ಲ. ಆ ವಿವರ ವಕೀಲರಿಗೆ ಬೇಕೇ ಬೇಕು.

ಇನ್ನೊಂದು ತುದಿಯೂ ಇದೆ. 2024ರ ಮೇ 19ರಂದು ಪುಣೆಯಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಗುದ್ದಿ ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರ್‌ಗಳು ಸತ್ತರು. ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತು ಸೇರಿಸಿ ಮಂಡಳಿ ಅಂದೇ ಜಾಮೀನು ಕೊಟ್ಟದ್ದಕ್ಕೆ ದೇಶವೇ ಕೆರಳಿತು. ಆ ಸಿಟ್ಟಿನಲ್ಲಿ ಮರೆಯಾದ ಸಂಗತಿ ಬೇರೆ. ರಕ್ತದ ಮಾದರಿ ಬದಲಿಸಿದರು, ಡ್ರೈವರನ ತಲೆಗೆ ತಪ್ಪು ಕಟ್ಟಲು ನೋಡಿದರು ಎಂಬ ಆರೋಪಗಳ ಮೇಲೆ ಮುಂದಿನ ದಿನಗಳಲ್ಲಿ ಅಪ್ಪ, ಅಮ್ಮ, ಅಜ್ಜ ಮೂವರೂ ಬಂಧನಕ್ಕೊಳಗಾದರು. 2025ರ ಜುಲೈನಲ್ಲಿ, ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನು ಮಂಡಳಿ ತಳ್ಳಿಹಾಕಿತು. ಅವನಿಗೆ ಬಾಲ ನ್ಯಾಯ ಕಾಯ್ದೆಯ ಆಸರೆ ಉಳಿಯಿತು. ಅವನನ್ನು ಪಾರು ಮಾಡಲು ಹೊರಟರೆನ್ನಲಾದ ದೊಡ್ಡವರಿಗೆ ಅಂಥ ಆಸರೆ ಯಾವುದೂ ಇಲ್ಲ.

ಗಾಡಿಯ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹದಿನೆಂಟಾಗದ ಮಗ ಮನೆಯ ಬೈಕು ಓಡಿಸಿ ಸಿಕ್ಕಿಬಿದ್ದರೆ ಕಟಕಟೆಗೆ ಹೋಗುವುದು ಅಪ್ಪ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನಮ್ಮ ನ್ಯಾಯಾಲಯಗಳು ಹಾಕುವ ಈ 25 ಸಾವಿರದ ದಂಡದ ಸುದ್ದಿ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ನನಗೆ ಗೊತ್ತಿರಲಿಲ್ಲ ಎಂದು ಸಾಬೀತುಪಡಿಸುವ ಹೊಣೆ ಅಪ್ಪನದೇ. ಬೈಕಿನ ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುವ ಮನೆಯಲ್ಲಿ ಅದು ಸುಲಭವಲ್ಲ.

ಗಾಂಜಾ ಸಿಕ್ಕ ಪ್ರಕರಣದಲ್ಲಿ ಮಾತ್ರ ಪೋಷಕರು ಅನಗತ್ಯವಾಗಿ ಕಂಗಾಲಾಗುತ್ತಾರೆ. ಒಂದು ಕಿಲೋವರೆಗಿನದು ಕಾನೂನಿನ ಕಣ್ಣಿಗೆ ಅಲ್ಪ ಪ್ರಮಾಣ, ಗರಿಷ್ಠ ಶಿಕ್ಷೆ ಒಂದು ವರ್ಷ, ಅಂದರೆ ಮಂಡಳಿಯ ಲೆಕ್ಕದಲ್ಲಿ ಸಣ್ಣ ಅಪರಾಧ. ಮಗುವಿನ ಕೈಗೆ ಅದನ್ನು ಕೊಟ್ಟವನಿಗೆ ಬಾಲ ನ್ಯಾಯ ಕಾಯ್ದೆಯಲ್ಲೇ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡವಿದೆ. ಆದರೆ ಮಾನಕ್ಕೆ ಹೆದರಿ ಎಷ್ಟೋ ಮನೆಯವರು ಕೊಟ್ಟವನ ಹೆಸರು ಹೇಳುವುದೇ ಇಲ್ಲ.

ಹುಡುಗ ಹುಡುಗಿ ಓಡಿಹೋದ ಪ್ರಕರಣ ಇದಕ್ಕೆ ತದ್ವಿರುದ್ಧ. ಅಲ್ಲಿ ಮನೆಯವರು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಕಾನೂನು ತೆಗೆದುಕೊಳ್ಳುವುದಿಲ್ಲ. ಹದಿನೆಂಟರೊಳಗಿನ ಹುಡುಗಿಯ ಒಪ್ಪಿಗೆಯನ್ನು, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯಾದ ಪೋಕ್ಸೊ ಗಣನೆಗೇ ತೆಗೆದುಕೊಳ್ಳದು. ಲೈಂಗಿಕ ಸಂಭೋಗ ನಡೆದಿದ್ದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ ಹತ್ತು ವರ್ಷವಾದ್ದರಿಂದ ಅದು ಘೋರ ಅಪರಾಧದ ಗುಂಪಿಗೇ ಬೀಳುತ್ತದೆ, ಹದಿನೇಳರ ಹುಡುಗ ಪ್ರಾಥಮಿಕ ಮೌಲ್ಯಮಾಪನ ಎದುರಿಸಬೇಕಾಗುತ್ತದೆ. ಇಂಥ ಪ್ರಕರಣಗಳನ್ನು ಕಂಡು ಬೇಸತ್ತೇ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ, ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮರುಚಿಂತನೆ ಮಾಡಲಿ ಎಂದದ್ದು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆ ತಿಳಿಸಿ ಎಂದು ಶಿಕ್ಷಣ ಇಲಾಖೆಗೂ ಹೇಳಿತು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡವೆಂದಿತು.

ಹಲ್ಲಿನ ಪ್ರಕರಣಕ್ಕೆ ಮರಳೋಣ. ಹಲ್ಲು ಮುರಿದ ಹುಡುಗನಿಗೂ ಅಪ್ಪ ಅಮ್ಮ ಇದ್ದಾರೆ. ಅವರ ಮನೆಗೆ ಹೋಗಬೇಕೇ ಬೇಡವೇ? "ಹೋದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ" ಎಂದು ಕೆಲವು ವಕೀಲರು ತಡೆಯುತ್ತಾರೆ. ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ವಕೀಲರಿಗೆ ತಿಳಿಸಿ, ಪಂಚಾಯಿತಿಯವರನ್ನು ಕಟ್ಟಿಕೊಂಡು ಹೋಗದೆ, ಗಂಡ ಹೆಂಡತಿ ಇಬ್ಬರೇ ಹೋಗಬೇಕು. ಹುಡುಗ ಹೇಗಿದ್ದಾನೆ ಎಂದು ಕೇಳಬೇಕು. ಹಲ್ಲಿನ ಚಿಕಿತ್ಸೆಯ ಖರ್ಚು ಕೊಡುತ್ತೇವೆ ಎನ್ನಬೇಕು. ಕಂಪ್ಲೇಂಟ್ ವಾಪಸ್ ತಗೊಳ್ಳಿ ಎಂಬ ಮಾತು ಮಾತ್ರ ಬಾಯಿಂದ ಬೀಳಬಾರದು. ಖರ್ಚಿನ ಮಾತಿನ ಹಿಂದೆಯೇ ಅದು ಬಂದರೆ ಸೌಜನ್ಯವೂ ವ್ಯಾಪಾರವಾಗುತ್ತದೆ, ಮುಂದೆ ಬೆದರಿಕೆ ಹಾಕಿದರು ಎಂಬ ಇನ್ನೊಂದು ದೂರಿಗೂ ದಾರಿಯಾಗುತ್ತದೆ. ರಾಜಿಯಾಗುವಂತಿದ್ದರೆ ಅದು ಮಂಡಳಿಯ ಮುಂದೆ, ವಕೀಲರ ಮೂಲಕ ಆಗಲಿ.

ಈಗ ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಎಂದರೆ ಎಂಟನೇ ತರಗತಿಯವರೆಗೆ, ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ನಿಷೇಧಿಸಿದೆ. ಫೇಲು ಮಾಡಬಾರದೆಂಬ ನಿಯಮವನ್ನು 2019ರಲ್ಲಿ ಸಡಿಲಿಸಿದಾಗಲೂ ಇದನ್ನು ಮುಟ್ಟಲಿಲ್ಲ. ಮಕ್ಕಳು ನಿಜವಾಗಿ ಎಡವುವ ವಯಸ್ಸು ಶುರುವಾಗುವುದು ಒಂಬತ್ತರಲ್ಲಿ, ಆ ಕೊಡೆ ಮಡಚಿಕೊಳ್ಳುವುದೂ ಅಲ್ಲಿಯೇ. ಒಂಬತ್ತು, ಹತ್ತರ ಹುಡುಗನ ಪಾಲಿಗೆ ಉಳಿಯುವುದು ಶಿಕ್ಷೆಗೆ ಮೊದಲು ಅವನ ಮಾತು ಕೇಳಬೇಕೆಂಬ ಸಹಜ ನ್ಯಾಯದ ತತ್ವ. ಅದನ್ನು ಕೇಳುವ ಪೋಷಕರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೊರಹಾಕುವುದಕ್ಕೆ ಕಾರಣ ಬರೆಯಬೇಕು, ಅದನ್ನು ಇಲಾಖೆ ಪ್ರಶ್ನಿಸಬಹುದು. ಪೋಷಕರೇ ಟಿಸಿ ಕೇಳಿ ಪಡೆದರೆ ಶಾಲೆ ಯಾರಿಗೂ ಉತ್ತರ ಹೇಳಬೇಕಿಲ್ಲ. "ಸುಮ್ನೆ ತಗೊಂಡು ಹೋಗಿ" ಎಂಬ ಉಪಕಾರದ ಒಳಗುಟ್ಟು ಇದು. ಹತ್ತನೇ ತರಗತಿಯ ನಡುವೆ ಟಿಸಿ ಹಿಡಿದು ಹೊರಬಂದ ಹುಡುಗನ ಸ್ಥಿತಿ ನೋಡಿ. ಎಸ್‌ಎಸ್‌ಎಲ್‌ಸಿ ನೋಂದಣಿ ಆಗುವುದು ಶಾಲೆಯ ಮೂಲಕ. ಪರೀಕ್ಷೆಗೆ ಕೂರಲು ಶೇಕಡಾ 75ರಷ್ಟು ಹಾಜರಿ ಬೇಕು. ವರ್ಷದ ಮಧ್ಯೆ ಬಂದವನನ್ನು ಹೊಸ ಶಾಲೆ "ಯಾಕೆ ಬಿಟ್ರಿ?" ಎಂದು ಕೇಳದೆ ಸೇರಿಸಿಕೊಳ್ಳುವುದಿಲ್ಲ. ನಡತೆ ಉತ್ತಮ ಎಂಬ ಕಾಗದ ತೋರಿಸಿದರೆ, ಉತ್ತಮನನ್ನು ಡಿಸೆಂಬರಿನಲ್ಲಿ ಬಿಟ್ಟುಕೊಟ್ಟವರು ಯಾರು ಎಂದು ಆ ಮುಖ್ಯೋಪಾಧ್ಯಾಯರಿಗೆ ಅನುಮಾನ ಬರದೇ ಇರುತ್ತದೆಯೇ? ಖಾಸಗಿ ಅಭ್ಯರ್ಥಿಯಾಗಿಯೋ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕವೋ ಮುಂದೆ ಪರೀಕ್ಷೆ ಕಟ್ಟಬಹುದು, ದಾರಿ ಮುಚ್ಚಿಲ್ಲ. ಆದರೆ ಅಲ್ಲಿಯವರೆಗೆ ಹುಡುಗ ಹಗಲಿಡೀ ಇರುವುದು ಎಲ್ಲಿ? ಬಸ್ ಸ್ಟ್ಯಾಂಡಿನ ಹಿಂದೆ, ಅದೇ ಹತ್ತೊಂಬತ್ತರ ಅಣ್ಣನ ಜೊತೆ.

ಶಾಲೆಯವರನ್ನು ಖಳರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಅವರ ಮೇಲೆ ಹಲ್ಲು ಮುರಿದವನ ಪೋಷಕರ ಒತ್ತಡ ಇರುತ್ತದೆ, ಆಡಳಿತ ಮಂಡಳಿಯದು ಇರುತ್ತದೆ, ಫಲಿತಾಂಶದ ಚಿಂತೆ ಇರುತ್ತದೆ. ಬ್ಯಾಗಿನಲ್ಲಿ ಸಿಗಬಾರದ್ದು ಸಿಕ್ಕಾಗ ಗದ್ದಲ ಮಾಡದೆ ಪೋಷಕರನ್ನು ಕರೆಸಿ, ಸಮಾಲೋಚಕರ ಬಳಿ ಕಳಿಸಿ, ಹುಡುಗನನ್ನು ಅದೇ ಬೆಂಚಿನಲ್ಲಿ ಉಳಿಸಿಕೊಂಡ ಶಾಲೆಗಳು ನಮ್ಮಲ್ಲೇ ಇವೆ. ಶಾಲೆಯವರ ನಿಜವಾದ ಭಯ "ಶಾಲೆ ಹೆಸರು ಪೇಪರಿಗೆ, ಟಿವಿಗೆ ಬರುತ್ತೆ" ಎಂಬುದು. ಇದಕ್ಕೆ ತಾಯಿಯ ಕೈಯಲ್ಲಿ ಒಂದು ಉತ್ತರವಿದೆ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸದ ಜೊತೆಗೆ ಶಾಲೆಯ ಗುರುತನ್ನೂ ಪ್ರಕಟಿಸದಂತೆ ತಡೆಯುತ್ತದೆ. ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪತ್ರಿಕೆ, ಟಿವಿ ಮಾತ್ರವಲ್ಲದೆ ಬೇರೆ ಸಂವಹನ ಮಾಧ್ಯಮಗಳನ್ನೂ ಸೆಕ್ಷನ್ ಒಳಗೊಂಡಿರುವುದರಿಂದ, ಪ್ರಕರಣದ ವಿವರದ ಜೊತೆ ಹುಡುಗನ ಮುಖ ಹಂಚುವ ಪೋಷಕರ ಗುಂಪಿನ ಅಡ್ಮಿನ್ನು ಕೂಡ ಯೋಚಿಸಬೇಕಾದ ಮಾತಿದು.

ಸಭೆಗೆ ಕರೆದಾಗ ಅಪ್ಪ ಅಮ್ಮ ಇಬ್ಬರೂ ಹೋಗಲಿ. ಮುಂದಿಟ್ಟ ಮುಚ್ಚಳಿಕೆಯನ್ನು ಓದದೆ ಸಹಿ ಹಾಕುವುದು ಬೇಡ. "ನನ್ನ ಮಗ ಪದೇ ಪದೇ ಇಂಥ ಕೃತ್ಯಗಳಲ್ಲಿ ತೊಡಗಿದ್ದು" ಎಂಬಂಥ ಸಾಲು ಅದರಲ್ಲಿ ಅಚ್ಚಾಗಿಯೇ ಬಂದಿರಬಹುದು. ಅದು ನಾಳೆ ಪರಿವೀಕ್ಷಣಾಧಿಕಾರಿ ಶಾಲೆಯಲ್ಲಿ ವಿಚಾರಿಸಿದಾಗ ಕಡತದಿಂದ ಎದ್ದು ಬರುತ್ತದೆ. ಆ ಸಾಲು ಹೊಡೆದುಹಾಕಿಸಿ, ಈ ದಿನ ನಡೆದದ್ದಷ್ಟನ್ನೇ ಬರೆದು, ಒಂದು ಪ್ರತಿ ಕೇಳಿ ಪಡೆಯಬೇಕು. ಕೆಲವು ದಿನ ಶಾಲೆಗೆ ಬರಬೇಡ ಎಂದರೆ ಎಷ್ಟು ದಿನ, ಹಾಜರಿಯ ಗತಿಯೇನು ಎಂದು ಬರಹದಲ್ಲಿ ಕೊಡಿ ಎನ್ನಬೇಕು. ಕೊಡದಿದ್ದರೆ ತಾವೇ ಒಂದು ಪತ್ರ ಬರೆದು ಕಚೇರಿಯಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಒಂದು ಪ್ರತಿ. ಅಲ್ಲೂ ಆಗದಿದ್ದರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದ್ದೇ ಇವೆ. ಜಗಳವಾಡುವ ದನಿ ಬೇಕಿಲ್ಲ, ಕಾಗದ ಇದ್ದರೆ ಸಾಕು.

ಮುಂದೆ ಕೆಲಸಕ್ಕೆ ತೊಂದರೆಯಾಗುತ್ತದಲ್ಲ ಎಂಬ ಚಿಂತೆ ಎಲ್ಲರಿಗೂ ಇದೆ. ಮಂಡಳಿಯಲ್ಲಿ ಮುಗಿದ ಪ್ರಕರಣದಿಂದ ಮಗುವಿಗೆ ಯಾವ ಅನರ್ಹತೆಯೂ ಅಂಟಬಾರದು ಎನ್ನುತ್ತದೆ 24ನೇ ಸೆಕ್ಷನ್. ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶಪಡಿಸಬೇಕು. ಮುಗಿದ ಪ್ರಕರಣವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ಬಹಿರಂಗಪಡಿಸುವಂತಿಲ್ಲ. ಎಳವೆಯಲ್ಲಿ ದಾಖಲಾಗಿದ್ದ ಪ್ರಕರಣದ ಕಾರಣಕ್ಕೆ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಸಬ್ ಇನ್‌ಸ್ಪೆಕ್ಟರ್ ಹುದ್ದೆ ನಿರಾಕರಿಸಿದ್ದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆಂದಾದ ಹದಿನಾರು ದಾಟಿದವರಿಗೆ ಮಾತ್ರ ಈ ರಕ್ಷಣೆ ಇಲ್ಲ.

ಹಾಗಾಗಿ ಮಂಡಳಿಯನ್ನು ಹೆದರಿಕೆಯ ಜಾಗವೆಂದು ದೂರ ಇಡುವ ಬದಲು ಶಾಲೆಯ ವಿಷಯದಲ್ಲಿ ಬಳಸಿಕೊಳ್ಳುವುದು ಜಾಣತನ. ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮಂಡಳಿ ತನ್ನ ಅಂತಿಮ ಆದೇಶದ ಜೊತೆಗೆ, ಮಗು ಶಾಲೆಗೆ ಹೋಗಬೇಕು ಎಂದು ಪ್ರತ್ಯೇಕವಾಗಿ ಆದೇಶಿಸಬಹುದು. ಇದನ್ನು ಕೇಳುವವರು ಕಡಿಮೆ. ಕೊನೆಯವರೆಗೆ ಕಾಯಬೇಕಾಗಿಯೂ ಇಲ್ಲ. ಹಾಜರಿ ಎಷ್ಟಾಗಿದೆ, ನೋಂದಣಿಯ ಕೊನೆಯ ದಿನ ಯಾವುದು, ಶಾಲೆ ಏನು ಹೇಳುತ್ತಿದೆ ಎಂಬುದನ್ನು ಮೊದಲ ಹಾಜರಿಯಲ್ಲೇ ವಕೀಲರ ಮೂಲಕ ಅರ್ಜಿಯಾಗಿ ಕೊಟ್ಟು, ಓದು ನಿಲ್ಲದಂತೆ ಮಂಡಳಿಯ ನಿರ್ದೇಶನ ಕೋರಬಹುದು. ಪರಿವೀಕ್ಷಣಾಧಿಕಾರಿಗೂ ಇದನ್ನೇ ಹೇಳಿ ವರದಿಯಲ್ಲಿ ಸೇರಿಸಲು ಕೇಳಬಹುದು. ಆದೇಶ ಬಂದರೆ ದೃಢೀಕೃತ ಪ್ರತಿಯನ್ನು ಅಂದೇ ಕೇಳಿ. ಸಿಕ್ಕ ಮೇಲೆ ಒಂದನ್ನು ಶಾಲೆಗೆ, ಒಂದನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಹೊತ್ತಿಗೆ ಟಿಸಿ ಇನ್ನೂ ಶಾಲೆಯಲ್ಲೇ ಇರಬೇಕು.